ಆರು ಲೋಟಗಳ ಮಳೆಗಾಲ

ನೀಲಾ, ನಂದಾ,

ಕಳೆದ ಭಾನುವಾರ ನೀವಿಬ್ಬರೂ ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಒರೆಸುವ ತಾಳ್ಮೆಯೂ ಇಲ್ಲದೆ ಸ್ವಿಚ್ ಹಾಕಿದಿರಿ. ಪರದೆ ಬೆಳಗಲಿಲ್ಲ. ಒಳಗಿನ ಫ್ಯಾನು ಮಾತ್ರ ಗರಗರ ತಿರುಗಿತು, ಕಾದ ಧೂಳಿನ ವಾಸನೆ ಪಡಸಾಲೆ ತುಂಬಿತು. ನೀವು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದಿರಿ. ನಾನು ಅಲ್ಲೇ ನಿಂತುಬಿಟ್ಟೆ. ಅವ್ವ ಇದರಲ್ಲಿ ಏನು ಮಾಡುತ್ತಿದ್ದಳು ಎಂದು ನಂದಾ ಹೊರಗಿನಿಂದಲೇ ಕೇಳಿದಳು. ನನಗೆ ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಕುರುಗೋಡು ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಿಮ್ಮ ಈ ಅಜ್ಜಿ. ಬಾಯಲ್ಲಿ ಬಾರದ್ದು ಕೈಯಲ್ಲಿ ನಿಧಾನವಾಗಿಯಾದರೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ವಾಸನೆ ನನಗೆ ಒಂದು ಇಡೀ ಮಳೆಗಾಲದ ವಾಸನೆ. ನಿಮಗೆ ಆಗ ಮೂರು ತುಂಬಿತ್ತು. ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ನನ್ನ ಮಗ, ನಿಮ್ಮ ಅಪ್ಪ, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಯಂತ್ರ ನೋಡಿಕೊಳ್ಳುತ್ತಿದ್ದ. ನಿಮ್ಮ ಅವ್ವ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತ, ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಮದುವೆಗೆ ಮೊದಲೇ ಶುರು ಮಾಡಿದ ಓದು ಅದು. ನೀವು ಹುಟ್ಟಿದಿರಿ, ತಾತ ಹಾಸಿಗೆ ಹಿಡಿದರು, ಓದು ಹಿಂದೆ ಬಿತ್ತು. ಯೂನಿವರ್ಸಿಟಿಯವರು ಗಡುವನ್ನು ಮುಂದೆ ಹಾಕುತ್ತ ಬಂದು, ಕೊನೆಗೆ ದಸರಾ ರಜೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದಾಗುತ್ತದೆ ಎಂದು ತಿಳಿಸಿದರು. ರದ್ದಾದರೆ ಅಷ್ಟು ವರ್ಷದ ಕೆಲಸ ಹೊಳೆಗೆ ಹೋದಂತೆ. ಮತ್ತೆ ಮೊದಲಿನಿಂದ ಶುರು ಮಾಡುವ ತ್ರಾಣ ನನಗಿಲ್ಲ ಅತ್ತಿ ಎಂದು ಅವ್ವ ಒಂದೇ ಸಲ ಹೇಳಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ. ಎತ್ತದಿದ್ದರೂ ಅದು ಮನೆಯಲ್ಲೇ ಇತ್ತು.

ಅಪ್ಪನೇ ದಾರಿ ಹುಡುಕಿದ. ದಿನವೂ ಸಿರುಗುಪ್ಪದಿಂದ ಬಸ್ಸಿನಲ್ಲಿ ಹೋಗಿ ಬಂದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ, ಮಳೆಗಾಲ ಮುಗಿಯುವವರೆಗೆ ಬಳ್ಳಾರಿಯಲ್ಲೇ ಇದ್ದುಬಿಡಿ ಎಂದು ಕಂಟೋನ್ಮೆಂಟಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದ. ನಿಮ್ಮನ್ನು ನೋಡಿಕೊಳ್ಳಲು ನಾನೂ ಹೋಗಬೇಕು ಎಂದಾಗ ನಾನು ಹಿಂಜರಿದೆ. ತಾತ ಹೋದ ಮೇಲೆ ನಾನು ನಮ್ಮ ಓಣಿ ದಾಟಿರಲಿಲ್ಲ. ಗುರುತಿಲ್ಲದವರ ಎದುರು ನನಗೆ ಸೆರಗು ಸರಿಮಾಡಿಕೊಳ್ಳುವುದೊಂದೇ ಗೊತ್ತಿದ್ದ ಕೆಲಸ.

ಆ ಮನೆ ಒಂದು ದೊಡ್ಡ ಹಳೆಯ ಬಂಗಲೆಯ ಹಿಂಬದಿಯ ಭಾಗ. ದಪ್ಪ ಗೋಡೆ, ಎತ್ತರದ ಸೂರು, ಸುತ್ತ ಬೇವಿನ ಮರಗಳು. ಮುಂದಿನ ಭಾಗದಲ್ಲಿ ಮನೆಯ ಒಡತಿ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಮಾತು ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ದಬಾವಣೆ. ಮೊದಲ ದಿನವೇ ಬಾಗಿಲಲ್ಲಿ ನಿಂತು, ನಿಮ್ಮಿಬ್ಬರನ್ನೂ ಕಂಪ್ಯೂಟರನ್ನೂ ಒಂದೇ ನೋಟದಲ್ಲಿ ಅಳೆದು, ಅತ್ತೆ ಸೊಸೆ ಇಬ್ಬರಲ್ಲಿ ಬೈಯುವವರು ಯಾರು, ಬೈಸಿಕೊಳ್ಳುವವರು ಯಾರು, ಮೊದಲೇ ಹೇಳಿಬಿಡಿ, ನನಗೆ ಮಧ್ಯಾಹ್ನ ನಿದ್ದೆ ಬೇಕು ಎಂದರು. ಅವ್ವ ನಕ್ಕಳು. ನಾನು ಕಂಬದ ಹಿಂದೆ ಸರಿದೆ.

ಆ ಕಂಪ್ಯೂಟರು ಬಿಡಿಭಾಗ ಸೇರಿಸಿ ಕಟ್ಟಿಸಿದ್ದು. ಅವ್ವ ಅದರ ಮಗ್ಗುಲಿನ ತಗಡು ಬಿಚ್ಚಿಟ್ಟಿದ್ದಳು, ಇಲ್ಲದಿದ್ದರೆ ಕಾದು ನಿಂತುಹೋಗುತ್ತಿತ್ತು. ಬೆಳಿಗ್ಗೆ ಎದ್ದು ಲೆಕ್ಕಕ್ಕೆ ಹಚ್ಚಿ ಕಾಲೇಜಿಗೆ ಹೋಗುತ್ತಿದ್ದಳು, ಮಧ್ಯಾಹ್ನ ಬಂದು ಉತ್ತರ ನೋಡುತ್ತಿದ್ದಳು. ನಡುವೆ ಕರೆಂಟು ಹೋದರೆ ಲೆಕ್ಕ ಮೊದಲಿನಿಂದ. ನನಗೆ ಒಪ್ಪಿಸಿದ ಕೆಲಸವೆಂದರೆ ಫ್ಯಾನಿನ ಸದ್ದು ನಿಂತಿತೇ ಎಂದು ಕಿವಿಗೊಡುವುದು. ಒಲೆಯ ಮೇಲಿನ ಬೇಳೆಯ ಸದ್ದು ಕೇಳಿದಂತೆ ನಾನು ಅದನ್ನೂ ಕೇಳುತ್ತಿದ್ದೆ.

ಇಲ್ಲಿ ನಿಮ್ಮ ವಿಷಯವೂ ಒಂದಿಷ್ಟು ಹೇಳಬೇಕು, ಏಕೆಂದರೆ ಮುಂದೆ ಬರುವುದಕ್ಕೆ ನೀವೇ ಕಾರಣ. ಅವಳಿಗಳಾಗಿ ಹುಟ್ಟಿದವರಿಗೆ ಭೇದ ಮಾಡಬಾರದು ಎಂದು ಅವ್ವನ ಕಟ್ಟುನಿಟ್ಟು. ಬಿಸ್ಕತ್ತು ಒಂದೇ ಉಳಿದರೆ ಸರಿ ಅರ್ಧಕ್ಕೆ ಮುರಿಯಬೇಕು. ಮುರಿದದ್ದು ಹೆಚ್ಚು ಕಡಿಮೆಯಾದರೆ ದೊಡ್ಡ ತುಂಡಿನ ಅಂಚನ್ನು ಅವ್ವ ತಾನು ಕಡಿದು ಸಮ ಮಾಡಬೇಕು. ನೀಲಾಗೆ ಕೆಮ್ಮಿನ ಔಷಧಿ ಕುಡಿಸಿದರೆ ನಂದಾಗೂ ಅದೇ ಚಮಚದಲ್ಲಿ ಬೆಲ್ಲದ ನೀರು. ಒಬ್ಬಳಿಗೆ ಜಡೆ ಹಾಕಿ ಇನ್ನೊಬ್ಬಳನ್ನು ಬಿಟ್ಟು ನಾನು ಎದ್ದರೆ ಅವ್ವನ ಕಣ್ಣು ನನ್ನ ಮೇಲೆ. ಅದು ಎಷ್ಟು ರೂಢಿಯಾಗಿತ್ತೆಂದರೆ, ಎರಡು ಎಂದ ಕೂಡಲೇ ಅವಳ ಕೈ ತಾನಾಗಿಯೇ ಸಮ ಹಂಚುತ್ತಿತ್ತು.

ಆಷಾಢದ ಗಾಳಿ ಜೋರಾದ ಹೊತ್ತಿಗೆ ಅವ್ವನ ಮುಖ ಸೊರಗತೊಡಗಿತು. ಗೋಡೆಗೆ ಒಂದು ನಕ್ಷೆ ಅಂಟಿಸಿದ್ದಳು. ಎಡದಿಂದ ಬಲಕ್ಕೆ ಒಂದು ಗೆರೆ ನಿಧಾನವಾಗಿ ಏರುತ್ತ ಹೋಗಿ, ಕೊನೆಗೆ ಮಟ್ಟಸವಾಗಬೇಕಿತ್ತಂತೆ. ಆದರೆ ನಡುನಡುವೆ ಚುಕ್ಕಿಗಳು ಗೆರೆ ಬಿಟ್ಟು ಮೇಲೆದ್ದಿದ್ದವು, ರಸ್ತೆಯ ಮೇಲಿನ ಉಬ್ಬುಗಳ ಹಾಗೆ. ಪ್ರತಿ ಚುಕ್ಕಿಯ ಕೆಳಗೂ ಒಂದು ಸಂಖ್ಯೆ ಇತ್ತು, ಯಾವುದರ ಎಣಿಕೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು, ಇವುಗಳ ಲೆಕ್ಕ ಮೊದಲೇ ಮಾಡಿ ಮುಗಿಸಿದ್ದಳು, ಅವು ಗೆರೆಯ ಮೇಲೇ ಇದ್ದವು. ನಡುವಿನ ಹದಿನಾಲ್ಕು, ಹದಿನೆಂಟು ಎಲ್ಲಿ ಎಂದು ಅವಳ ಗೈಡ್ ಸರ್ ಕೇಳಿದ ಮೇಲೆ ಅವನ್ನೂ ಮಾಡಿದಳು. ಉಬ್ಬು ಎದ್ದದ್ದು ಅಲ್ಲಿ. ಸರ್ ಒಳ್ಳೆಯವರು, ಆದರೆ ಸುಳ್ಳು ಸಮಾಧಾನ ಹೇಳುವವರಲ್ಲ. ಒಂದು ಕಡೆ ತಪ್ಪಿದ್ದರೆ ಸರಿ ಬಂದದ್ದನ್ನೂ ನಂಬುವ ಹಾಗಿಲ್ಲ, ಈ ಉಬ್ಬಿನ ಕಾರಣ ತಿಳಿಯದೆ ನಾನು ಸಹಿ ಹಾಕುವುದಿಲ್ಲ ಎಂದುಬಿಟ್ಟರು.

ಲೆಕ್ಕ ದೊಡ್ಡದಾಯಿತು, ಈ ಬಡ ಯಂತ್ರ ತಡೆಯುತ್ತಿಲ್ಲ, ಹದಿನಾರು ಇಪ್ಪತ್ತು ಗೆರೆಗೆ ಬಂದದ್ದೇ ಆಕಸ್ಮಿಕ ಎಂಬುದು ಅವ್ವನ ಅನುಮಾನ. ಒಂದೊಂದು ಹೆಚ್ಚಿಸಿದಂತೆಲ್ಲ ಲೆಕ್ಕ ಇಮ್ಮಡಿಯಾಗುತ್ತದಂತೆ. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಅವಳು ಸಾಲು ಸಾಲಾಗಿ ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದಿದಳು, ಯಂತ್ರಕ್ಕೆ ಹೊಸ ಭಾಗ ಹಾಕಿಸಿದಳು. ಉಬ್ಬು ಹಾಗೇ ಇತ್ತು. ಶ್ರಾವಣ ಬಂತು.

ಒಂದು ದಿನ ಮಧ್ಯಾಹ್ನ ಕಸ ಗುಡಿಸುತ್ತಿದ್ದಾಗ ಗೋಡೆಯ ಮೇಲೆ ಹೊಸ ನಕ್ಷೆ ಕಂಡಿತು. ಗೆರೆ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ನನಗೆ ಬಹಳ ಖುಷಿಯಾಯಿತು. ಉಬ್ಬು ಹೋದವಲ್ಲ ಎಂದೆ.

ಅವ್ವ ನನ್ನ ಕಡೆ ತಿರುಗಲಿಲ್ಲ. "ಹೋಗಿಲ್ರಿ ಅತ್ತಿ. ನಾನೇ ತೆಗದೀನಿ. ಬರೇ ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು ಇಟ್ಟೀನಿ. ಬ್ಯಾರೆ ಗೈಡ್ ಸರ್ ಕಡೆ ಸಹಿ ಹಾಕಿಸಿ ಕೊಟ್ರ ಯಾರೂ ಕೇಳಂಗಿಲ್ಲ."

ಅವಳಿಗೆ ಆ ಮಾತು ಹೇಳಿ ನಾಚಿಕೆಯಾದದ್ದು ನನಗೆ ಕಂಡಿತು. ನಾನು ಪೊರಕೆ ಹಿಡಿದು ನಿಂತೆ. ಬೇಡ ಎನ್ನಲು ನನಗೆ ಯಾವ ಅಧಿಕಾರ? ಅದು ಏನೆಂದೇ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಿಡಿಲು ಹೊಡೆದು ಕರೆಂಟು ಹೋಯಿತು. ಮಳೆ ಬೇವಿನ ಎಲೆಗಳನ್ನು ತಂದು ಕಿಟಕಿಗೆ ಎರಚಿತು. ನೀವಿಬ್ಬರೂ ಒಂದೇ ಚಾದರದಲ್ಲಿ ಮಲಗಿದ್ದಿರಿ. ಕಂಪ್ಯೂಟರು ಸುಮ್ಮನಾದ ಮೇಲೆ ಮನೆಯಲ್ಲಿ ಮಾತನಾಡದೆ ಇರುವುದು ಕಷ್ಟವಾಯಿತು. ಅಷ್ಟು ತಿಂಗಳು ಕೇಳದೆ ನುಂಗಿಕೊಂಡಿದ್ದನ್ನು ಆಗ ಕೇಳಿದೆ. ಇದು ಏನು ಲೆಕ್ಕ, ನನಗೂ ತಿಳಿಯುವಷ್ಟು ಸಣ್ಣದು ಇದ್ದರೆ ತೋರಿಸು ಎಂದೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಅಡುಗೆ ಮನೆಯಿಂದ ನಾಲ್ಕು ಸ್ಟೀಲ್ ಲೋಟ ತಂದು ನೆಲದ ಮೇಲೆ ದುಂಡಗೆ ಇಟ್ಟಳು. ಒಂದರ ಬಾಯಿ ಮೇಲೆ, ಪಕ್ಕದ್ದು ಬೋರಲು, ಮತ್ತೊಂದು ಮೇಲೆ, ಇನ್ನೊಂದು ಬೋರಲು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಆಯಸ್ಕಾಂತಗಳು ಸರದ ಹಾಗೆ ಕೂತಿರುತ್ತವೆ. ಪ್ರತಿಯೊಂದಕ್ಕೂ ತನ್ನ ನೆರೆಯವನು ತನಗೆ ತಿರುಗುಮುರುಗಾಗಿ ಇರಬೇಕೆಂಬ ಆಸೆ. ಆದರೆ ಅವು ಲೋಟದ ಹಾಗೆ ಒಂದೇ ರೀತಿ ಗಟ್ಟಿಯಾಗಿ ಕೂರುವುದಿಲ್ಲ. ಇದೂ ಇರಬಹುದು, ಅದೂ ಇರಬಹುದು ಎಂಬ ಎಲ್ಲ ಜೋಡಣೆಗಳೂ ಒಂದಿಷ್ಟು ಒಂದಿಷ್ಟು ಕಲೆತು ಒಂದು ಸ್ಥಿತಿ ಆಗುತ್ತದೆ. ಯಾವ ಪ್ರಮಾಣದಲ್ಲಿ ಕಲೆತರೆ ಅತ್ಯಂತ ಕಡಿಮೆ ಶಕ್ತಿ, ಅದನ್ನು ಹುಡುಕಬೇಕು. ಅದಕ್ಕೆ ತಳಸ್ಥಿತಿ ಎಂದು ಹೆಸರು.

"ತಳ ಅಂದ್ರ ಬೋಗುಣಿ ತಳಾನೇನು?" ಎಂದು ಕೇಳಿದೆ.

ಹೌದೆಂದಳು. ಬೋಗುಣಿಯಲ್ಲಿ ಗೋಲಿ ಬಿಟ್ಟರೆ ಆ ಕಡೆ ಈ ಕಡೆ ಉರುಳಿ ಕೊನೆಗೆ ತಳಕ್ಕೆ ಬಂದು ನಿಲ್ಲುತ್ತದೆ. ಕಂಪ್ಯೂಟರಿಗೆ ಒಂದು ಜೋಡಣೆ ಕೊಟ್ಟು ಶುರು ಮಾಡಿಸಿದರೆ ಅದೂ ಹಾಗೇ ಲೆಕ್ಕದ ಮೇಲೆ ಲೆಕ್ಕ ಮಾಡುತ್ತ ತಳಕ್ಕೆ ಇಳಿಯುತ್ತದೆ. ಇನ್ನು ಇಳಿಯುವುದಿಲ್ಲ ಎಂದಾಗ ನಿಲ್ಲುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಕರೆಂಟು ಬಂತು. ನಾಲ್ಕು ಲೋಟದ ಉತ್ತರವನ್ನು ಅವ್ವ ಒಂದು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಮಾಡಿ, ಕಂಪ್ಯೂಟರಿನಲ್ಲೂ ಮಾಡಿಸಿದಳು. ಎರಡೂ ಮೈನಸ್ ಎರಡು. ನನಗೆ ಏನೋ ಗೆದ್ದ ಹಾಗಾಯಿತು. ನಮ್ಮ ಮನೆಯಲ್ಲಿ ಇದ್ದದ್ದು ಅರ್ಧ ಡಜನ್ ಲೋಟ. ಉಳಿದ ಎರಡು ತಟ್ಟೆಯ ಮೇಲೆ ಸುಮ್ಮನೆ ಕೂತಿದ್ದವು. ಅವನ್ನೂ ತಂದು ಸರಿಸಿ ಜಾಗ ಮಾಡಿ ಇಟ್ಟೆ. "ಇವನ್ನ ಯಾಕ ಬಿಡಬೇಕು? ಆರೂ ಹಾಕು" ಎಂದೆ.

ಆರು ಯಾರೂ ಮಾಡುವುದಿಲ್ಲ, ಅದು ತೀರಾ ಸಣ್ಣದು ಎಂದು ಅವ್ವ ನಕ್ಕಳು. ನಾಲ್ಕಾದ ಮೇಲೆ ಎಂಟು, ಎಂಟಾದ ಮೇಲೆ ಹನ್ನೆರಡು ಮಾಡಿದವಳು, ಆರನ್ನು ಎಂದೂ ಮುಟ್ಟಿರಲಿಲ್ಲ. ಆದರೂ ನನ್ನ ಮನಸ್ಸಿಗಾಗಿ ಕೀಲಿ ಒತ್ತಿದಳು. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಮೈನಸ್ ಎರಡೂ ಚಿಲ್ಲರೆ. ಅವಳು ಪೆನ್ಸಿಲು ಹಿಡಿದು ಕೂತಳು. ಹಾಳೆ ತುಂಬಿತು, ಮತ್ತೊಂದು ಹಾಳೆ ತೆಗೆದಳು. ನಾನು ನಿಮಗೆ ಹಾಲು ಕಾಸಿ ಕುಡಿಸಿ ಬರುವಷ್ಟರಲ್ಲಿ ಅವಳು ಪೆನ್ಸಿಲನ್ನು ನೆಲಕ್ಕೆ ಹಾಕಿ, ಎರಡೂ ಕೈ ಬಾಯಿಗೆ ಹಿಡಿದಿದ್ದಳು. ಪೆನ್ಸಿಲಿನ ಉತ್ತರ ಎರಡೂ ಮುಕ್ಕಾಲು ದಾಟಿ ಇನ್ನೂ ಕೆಳಗಿತ್ತು.

"ಆರಕ್ಕೇ ತಪ್ಪೈತ್ರಿ ಅತ್ತಿ," ಎಂದಳು. "ಯಂತ್ರದ್ದಲ್ಲ ತಪ್ಪು. ನನ್ನದು. ಆರಕ್ಕೇ ತಪ್ಪೈತಿ."

ಹೇಳುತ್ತ ಹೇಳುತ್ತ ನಗತೊಡಗಿದಳು. ತಪ್ಪು ಸಿಕ್ಕಿತೆಂದು ಅಷ್ಟು ಹಿಗ್ಗಿದವರನ್ನು ನಾನು ಅದೇ ಮೊದಲು ನೋಡಿದ್ದು. ಹತ್ತು ಲಕ್ಷದೊಳಗೆ ಅಡಗಿದ್ದ ಕಳ್ಳ ಆರು ಲೋಟದ ನಡುವೆಯೂ ಇದ್ದಾನೆ ಎಂದರೆ ಇನ್ನು ಎಲ್ಲಿಗೆ ಓಡುತ್ತಾನೆ ಎಂದಳು. ಗೋಡೆಯ ಮೇಲಿನ ನುಣ್ಣನೆಯ ನಕ್ಷೆಯನ್ನು ಕಿತ್ತು, ಅದರ ಬೆನ್ನಿಗೇ ಲೆಕ್ಕ ಮುಂದುವರಿಸಿದಳು.

ಮುಂದಿನ ದಿನಗಳಲ್ಲಿ ಆ ಲೋಟಗಳನ್ನು ನೆಲದಿಂದ ಎತ್ತುವ ಹಾಗಿರಲಿಲ್ಲ. ನೀವು ಅವುಗಳ ಸುತ್ತ ಓಡುತ್ತಿದ್ದಿರಿ, ನಾವು ಬಟ್ಟಲಲ್ಲಿ ಚಹಾ ಕುಡಿಯುತ್ತಿದ್ದೆವು. ಸಿಸ್ಟರಮ್ಮನಿಗೂ ಬಟ್ಟಲಲ್ಲೇ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಏಮ್ಮಾ, ಮೀ ಇಂಟ್ಲೋ ಲೋಟಾಲು ಲೇವಾ?" ಎಂದರು. ಲೋಟಗಳಿವೆ, ಓದುತ್ತಿವೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಸಿಸ್ಟರಮ್ಮ ಒಳಗೆ ಇಣುಕಿ, ದುಂಡಗೆ ಕೂತ ಲೋಟಗಳನ್ನೂ ನಡುವೆ ಮಂಡಿಯೂರಿದ ಅವ್ವನನ್ನೂ ನೋಡಿ, ನಾನು ಎಷ್ಟೋ ಬಾಣಂತಿಯರನ್ನು ಕಂಡಿದ್ದೇನೆ, ಇಂಥ ಹೆರಿಗೆ ಕಂಡಿಲ್ಲ ಎಂದು ಹೇಳಿ, ತಮ್ಮ ಮನೆಯ ಲೋಟಗಳನ್ನು ತಂದುಕೊಟ್ಟರು. ಆ ಹೊತ್ತಿನಿಂದ ಅವರ ಮಧ್ಯಾಹ್ನದ ನಿದ್ದೆಯೂ ಹೋಯಿತು. ಆಯಿತೇ, ಆಯಿತೇ ಎಂದು ಬಂದು ಕೇಳುವುದೇ ಅವರ ಕೆಲಸವಾಯಿತು.

ತಪ್ಪು ಎಲ್ಲಿದೆ ಎಂದು ತಿಳಿದದ್ದು ಒಂದು ಬೆಳಿಗ್ಗೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವ್ವ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮುಖದಲ್ಲಿ ಅಳುವೂ ಇತ್ತು, ನಗುವೂ ಇತ್ತು.

"ಅತ್ತಿ, ನಾನು ನೀಲಾ ನಂದಾಗ ಹಂಚಿದಂಗ ಹಂಚೀನ್ರಿ."

ರೊಟ್ಟಿ ಕೈಯಲ್ಲೇ ಉಳಿಯಿತು. ಅವಳು ನನ್ನನ್ನು ಹಿಟ್ಟಿನ ಕೈಯಲ್ಲೇ ಎಳೆದುಕೊಂಡು ಹೋಗಿ ಲೋಟಗಳ ಮುಂದೆ ಕೂರಿಸಿದಳು. ತಿರುಗುಮುರುಗಾಗಿ ಕೂರುವುದಕ್ಕೆ ಎರಡು ದಾರಿ. ಮೊದಲ ಲೋಟ ಮೇಲೆ ಎಂದು ಶುರು ಮಾಡಬಹುದು, ಇಲ್ಲವೇ ಮೊದಲ ಲೋಟ ಬೋರಲು ಎಂದು ಶುರು ಮಾಡಬಹುದು. ಕಂಪ್ಯೂಟರಿಗೆ ಶುರು ಮಾಡಲು ಏನು ಕೊಡಲಿ ಎಂದು ಯೋಚಿಸಿದಾಗ ಅವಳ ಕೈ ರೂಢಿಯ ಹಾಗೆ ಎರಡಕ್ಕೂ ಸಮ ಸಮ ಕೊಟ್ಟಿತ್ತು. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಡುವುದೇ ಎಂದು ಅವಳಿಗೆ ತೋಚಲೇ ಇಲ್ಲ. ನಾಲ್ಕು, ಎಂಟು, ಹನ್ನೆರಡಕ್ಕೆ ಅದು ನಡೆಯುತ್ತದೆ. ಅಲ್ಲಿ ತಳಸ್ಥಿತಿಯಲ್ಲೂ ಆ ಎರಡು ಜೋಡಣೆಗಳು ಸಮನಾಗಿ ಕೂಡಿಕೊಂಡೇ ಇರುತ್ತವೆ. ಆದರೆ ಆರಕ್ಕೆ, ಹತ್ತಕ್ಕೆ, ಹದಿನಾಲ್ಕಕ್ಕೆ ಹಾಗಲ್ಲ. ಅಲ್ಲಿ ಒಂದು ಕೂಡುವ ಲೆಕ್ಕದಲ್ಲಿದ್ದರೆ ಇನ್ನೊಂದು ಕಳೆಯುವ ಲೆಕ್ಕದಲ್ಲಿ ಇರುತ್ತದೆ.

"ಗೋಲಿ ತಳಕ್ಕೇ ಹೋಗಿತ್ರಿ," ಎಂದಳು. "ಸುಳ್ಳು ಹೇಳಿಲ್ಲ ಅದು. ಆದ್ರ ಅದು ಬ್ಯಾರೆ ಬೋಗುಣಿ ತಳ. ನಾನೇ ಅದನ್ನ ಬ್ಯಾರೆ ಬೋಗುಣ್ಯಾಗ ಬಿಟ್ಟಿದ್ದೆ. ಎಷ್ಟು ವರ್ಷ ಉರುಳಿದ್ರೂ ಈ ಬೋಗುಣಿಗೆ ಹೆಂಗ ಬರ್ತೈತಿ?"

ಈಗ ಏನು ಮಾಡುವುದು ಎಂದು ಕೇಳಿದೆ. ಎರಡರಲ್ಲಿ ಒಂದಕ್ಕೇ ಪೂರ್ತಿ ಕೊಟ್ಟು, ಇನ್ನೊಂದಕ್ಕೆ ಏನೂ ಕೊಡದೆ ಶುರು ಮಾಡಿದರೆ ಸಾಕು ಎಂದಳು. ಹಾಗೆ ಬಿಟ್ಟ ಗೋಲಿ ಎರಡು ಬೋಗುಣಿಗೂ ಸೇರಿರುತ್ತದೆ, ಆಮೇಲೆ ಯಾವುದು ಹೆಚ್ಚು ಆಳವೋ ಅದಕ್ಕೆ ತಾನೇ ಇಳಿಯುತ್ತದೆ. ಅವಳು ಒಂದೇ ಒಂದು ಸಾಲು ತಿದ್ದಿದಳು. ಆರು ಎಂದು ಒತ್ತಿದಳು. ಪೆನ್ಸಿಲಿನ ಉತ್ತರವೇ ಪರದೆಯ ಮೇಲೆ ಬಂತು, ಅಂಕಿಗೆ ಅಂಕಿ. ಹತ್ತು ಒತ್ತಿದಳು, ಗೆರೆಗೆ ಬಂತು. ಹದಿನಾಲ್ಕೂ ಬಂತು. ಅಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಬಂತು. ಸಿಸ್ಟರಮ್ಮ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ನಾವಿಬ್ಬರೂ ನೆಲದ ಮೇಲೆ ಕೂತು ನಗುತ್ತಿದ್ದುದನ್ನು ನೋಡಿ, ಕೊಡ ಇಳಿಸಿ, ತಾವೂ ಕೂತರು.

ಗೈಡ್ ಸರ್ ಅದನ್ನು ನೋಡಿದ ದಿನ ನಾನಿರಲಿಲ್ಲ. ಅವ್ವ ಬಂದು ಹೇಳಿದ್ದು: ಆರರ ಲೆಕ್ಕವನ್ನು ಅವರು ತಮ್ಮ ಕೈಯಿಂದಲೇ ಒಮ್ಮೆ ಮಾಡಿ ನೋಡಿದರಂತೆ. ಆಮೇಲೆ ಎದ್ದು ಬಾಗಿಲು ತೆರೆದು, ಪಕ್ಕದ ಕೋಣೆಯವರನ್ನೆಲ್ಲ ಕರೆದು ತೋರಿಸಿದರಂತೆ. ಈ ತಪ್ಪನ್ನು ಮುಚ್ಚಿಡಬೇಡ, ಇದನ್ನೇ ಒಂದು ಅಧ್ಯಾಯವಾಗಿ ಬರೆ, ನಿನ್ನ ಹಿಂದೆ ಬರುವವರು ಈ ಬೋಗುಣಿಯಲ್ಲಿ ಬೀಳದಿರಲಿ ಎಂದರಂತೆ.

ಉಳಿದದ್ದು ಎಲ್ಲಕ್ಕಿಂತ ದೊಡ್ಡದು, ಇಪ್ಪತ್ತೆರಡು. ಅದು ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಓಡಬೇಕಿತ್ತು. ಭಾದ್ರಪದದ ಮಳೆಯಲ್ಲಿ ಕರೆಂಟು ಅಷ್ಟು ಹೊತ್ತು ನಿಲ್ಲುವ ಮಾತೇ ಇರಲಿಲ್ಲ. ದಸರಾ ಹತ್ತಿರ ಬಂದಿತ್ತು. ಎರಡು ಸಲ ಹಚ್ಚಿದಳು, ಎರಡು ಸಲವೂ ನಡುವೆ ನಿಂತಿತು. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದ್ದೆ ಅಷ್ಟೇ. ಮರುದಿನ ಬೆಳಿಗ್ಗೆ ಅವನು ಲಾರಿಯ ಬ್ಯಾಟರಿಯೊಂದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು, ಹೆಗಲ ಮೇಲೆ ಇನ್ವರ್ಟರ್ ಹೊತ್ತು, ಬಾಗಿಲಲ್ಲಿ ನಿಂತಿದ್ದ. ಮಿಲ್ಲಿನ ಮೇಸ್ತ್ರಿಯನ್ನು ಕಾಡಿ ಬೇಡಿ ತಂದದ್ದು. ಬಸ್ಸಿನಲ್ಲಿ ಕಂಡಕ್ಟರ್ ಇದನ್ನು ಹತ್ತಿಸುವುದಿಲ್ಲ ಎಂದನಂತೆ. ಅಪ್ಪ ಇಳಿಯುವುದಿಲ್ಲ ಎಂದನಂತೆ. ಕೊನೆಗೆ ಬ್ಯಾಟರಿಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಬರಬೇಕೆಂದು ರಾಜಿಯಾಯಿತಂತೆ.

"ಲೇ ರೇಣು, ಹಚ್ಚು ಈಗ," ಎಂದು ಅವ್ವನಿಗೆ ಹೇಳಿದ. "ಕರೆಂಟಿನವರು ಹೋಗ್ಲಿ, ಸೂರ್ಯನೇ ಹೋದ್ರೂ ಸಂಜಿತನಕ ನಿಲ್ಲಂಗಿಲ್ಲ ಇದು."

ಆ ದಿನ ಕರೆಂಟು ಹೋಗಿ ಬಂದು ಹೋಗಿ ಬಂದು ಆಟವಾಡಿತು. ಫ್ಯಾನಿನ ಸದ್ದು ಒಂದು ಸಲವೂ ನಿಲ್ಲಲಿಲ್ಲ. ಅಪ್ಪ ಬ್ಯಾಟರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಿಲ್ಲಿನಲ್ಲಿ ಭತ್ತದ ಹದ ನೋಡುವವನ ಹಾಗೆ ತಂತಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಸಿಸ್ಟರಮ್ಮ ನಿಮ್ಮಿಬ್ಬರನ್ನು ತಮ್ಮ ಮನೆಗೆ ಕರೆದೊಯ್ದರು. ಹೊತ್ತು ಇಳಿಯುವಾಗ ಉತ್ತರ ಬಂತು. ಅವ್ವ ಅದನ್ನು ಕೈಯಿಂದಲೇ ನಕ್ಷೆಯ ಮೇಲೆ ಗುರುತು ಮಾಡಿ, ಗೆರೆ ಎಳೆದು, ದೂರ ಸರಿದು ನಿಂತಳು. ಒಂದು ಚುಕ್ಕಿಯನ್ನೂ ಬಿಟ್ಟಿರಲಿಲ್ಲ. ಎಲ್ಲವೂ ಗೆರೆಯ ಮೇಲೇ ಇದ್ದವು. ಅಪ್ಪ ಆ ಗೆರೆಯ ಮೇಲೆ ಬೆರಳಾಡಿಸಿ, ನಮ್ಮ ಕಾಲುವೆಯ ಏರಿಯೂ ಇಷ್ಟು ನುಣ್ಣಗಿಲ್ಲ ಎಂದ.

ದಸರಾ ರಜೆ ಬಿಡುವ ಮೊದಲೇ ಪ್ರಬಂಧ ಯೂನಿವರ್ಸಿಟಿ ಸೇರಿತು. ನಾವು ಸಿರುಗುಪ್ಪಕ್ಕೆ ಮರಳಿದೆವು. ಕೊನೆಯ ಪರೀಕ್ಷೆ ಎಲ್ಲರೆದುರು ನಡೆಯುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ತಿಳಿದಾಗ ಗದ್ದೆಗಳಲ್ಲಿ ಕೊಯ್ಲು ಮುಗಿಯುತ್ತ ಬಂದಿತ್ತು. ನಾವೆಲ್ಲರೂ ಹೋದೆವು. ಸಿಸ್ಟರಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತರು. ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ. ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದವರು, ನಗದವರು. ಇಷ್ಟು ದೊಡ್ಡ ಪ್ರಬಂಧದಲ್ಲಿ ಆರರಷ್ಟು ಸಣ್ಣ ಸರಕ್ಕೆ ಒಂದು ಇಡೀ ಅಧ್ಯಾಯ ಏಕೆ ಎಂಬುದೇ ಅವರ ಮೊದಲ ಪ್ರಶ್ನೆ ಎಂದು ಅಪ್ಪ ಕಿವಿಯಲ್ಲಿ ಹೇಳಿದ.

ಅವ್ವ ಬೋರ್ಡಿನ ಮೇಲೆ ಒಂದು ದುಂಡು ಬರೆದಳು. ಅದರ ಮೇಲೆ ಆರು ಬಾಣ, ಒಂದು ಮೇಲೆ, ಒಂದು ಕೆಳಗೆ. ಅವಳು ಆಡಿದ್ದು ಇಂಗ್ಲಿಷಿನಲ್ಲಿ. ಆದರೂ ಅವಳು ಎಲ್ಲಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು. ಈಗ ಸಮ ಹಂಚಿದಳು, ಈಗ ಗೋಲಿ ಬೇರೆ ಬೋಗುಣಿಗೆ ಹೋಯಿತು, ಈಗ ಒಂದಕ್ಕೇ ಕೊಟ್ಟಳು. ಪರೀಕ್ಷಕರು ಮುಂದೆ ಬಾಗಿ ಕೂತರು. ಮತ್ತೆ ಮತ್ತೆ ಕೇಳಿದರು, ಅವಳು ತಡವರಿಸದೆ ಹೇಳಿದಳು. ಕೊನೆಗೆ ಅವರು ಎದ್ದು ನಿಂತು ಏನೋ ಹೇಳಿ ಕೈ ತಟ್ಟಿದರು. ಕೋಣೆಯೆಲ್ಲ ತಟ್ಟಿತು. ಸಿಸ್ಟರಮ್ಮ ಹಿಂದೆ ತಿರುಗಿ ನನ್ನ ಕಡೆ ಕೈ ಬೀಸಿದರು. ನೀವಿಬ್ಬರೂ ಬೆಂಚಿನ ಮೇಲೆ ಹತ್ತಿ ಕುಣಿಯತೊಡಗಿದಿರಿ, ಯಾರೂ ಇಳಿಸಲಿಲ್ಲ. ಅವ್ವ ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಕೊನೆಯ ಸಾಲಿಗೆ ಬಂದು ನನ್ನ ಕಾಲು ಮುಟ್ಟಿದಳು. ನಾನು ಅವಳ ಭುಜ ಹಿಡಿದು ಎಬ್ಬಿಸಿ, ಸೆರಗಿನಿಂದ ಅವಳ ಮುಖ ಒರೆಸಿದೆ.

ವಾಪಸು ಬರುವಾಗ ಕುರುಗೋಡಿನ ಮೇಲೆ ಹಾದು ಹೋಗುವ ಬಸ್ಸು ಸಿಕ್ಕಿತು. ಅಪ್ಪ ನಿಮ್ಮಿಬ್ಬರನ್ನೂ ಎತ್ತಿಕೊಂಡು ಹಿಂದೆ ಕೂತ. ಅವ್ವ ಕಿಟಕಿಯ ಪಕ್ಕ ಕೂತವಳು ಊರು ದಾಟುವುದರೊಳಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಆ ವರ್ಷದಲ್ಲಿ ಅವಳು ಹಾಗೆ ಮೈಮರೆತು ಮಲಗಿದ್ದನ್ನು ನಾನು ನೋಡಿರಲಿಲ್ಲ. ಕುರುಗೋಡಿನಲ್ಲಿ ಸಂತೆ ಮುಗಿಸಿದ ಜನ ಬುಟ್ಟಿ ಚೀಲಗಳೊಂದಿಗೆ ಹತ್ತಿದರು. ಅವರಲ್ಲಿ ಗಿರಿಜವ್ವ ಇದ್ದಳು. ಅವಳು ನನ್ನ ಶಾಲೆಯ ಜೊತೆಗಾತಿ. ಮೆಣಸಿನಕಾಯಿ ಚೀಲವನ್ನು ಕಾಲ ಬಳಿ ಒತ್ತಿ ನನ್ನ ಪಕ್ಕದಲ್ಲೇ ಕೂತು, ಎಲ್ಲಿಂದ ಬಂದೆ ಎಂದು ಕೇಳಿದಳು. ಬಳ್ಳಾರಿಯಿಂದ, ನನ್ನ ಸೊಸೆ ಇವತ್ತು ಡಾಕ್ಟರ್ ಆದಳು ಎಂದೆ.

ಹಿಂದಿನ ಸೀಟಿನ ಮುದುಕ ಕೂಡಲೇ ಮುಂದೆ ಬಾಗಿ ತನ್ನ ಮೊಣಕಾಲು ತೋರಿಸಲು ಪಂಚೆ ಎತ್ತಿದ. ಆ ಡಾಕ್ಟರ್ ಅಲ್ಲ ಎಂದೆ. ಮತ್ತೆ ಎಂಥ ಡಾಕ್ಟರ್ ಎಂದು ಗಿರಿಜವ್ವ ಕೇಳಿದಳು. ಆಕೆಯನ್ನು ಎಬ್ಬಿಸು, ಆಕೆಯೇ ಹೇಳಲಿ ಎಂದು ಕಂಡಕ್ಟರ್ ಅಂದ. ನಾನು ಅವ್ವನ ಮುಖ ನೋಡಿದೆ. ಬಾಯಿ ತುಸು ತೆರೆದು, ನಿಮ್ಮ ಹಾಗೆಯೇ ಮಲಗಿದ್ದಳು.

"ಎಬ್ಬಿಸಬ್ಯಾಡ್ರಿ," ಎಂದೆ. "ನಾನೇ ಹೇಳ್ತೀನಿ."

ಗಿರಿಜವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ನೀ ಹೇಳ್ತೀಯಾ? ಸಾಲ್ಯಾಗ ಮಾಸ್ತರು ಹಾಜರಿ ಕರದ್ರೂ ನಿನ್ನ ಪರವಾಗಿ ನಾನೇ ಹೂಂ ಅಂತಿದ್ದೆ."

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಎಷ್ಟೋ ಕಣ್ಣು ನನ್ನ ಮೇಲಿದ್ದವು. ನನ್ನ ಕೈ ಸೆರಗಿನ ಕಡೆ ಹೋಗಲಿಲ್ಲ. ಹೊರಗೆ ಕೊಯ್ದ ಗದ್ದೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು, ಸಿರುಗುಪ್ಪ ಇನ್ನೂ ದೂರವಿತ್ತು. ಒಂದು ಹೆಗಲ ಮೇಲೆ ಅವ್ವನ ತಲೆ ಇದ್ದುದರಿಂದ ಇನ್ನೊಂದು ಕೈಯನ್ನು ಮಾತ್ರ ಎತ್ತಿ ಗಾಳಿಯಲ್ಲಿ ಒಂದು ದುಂಡು ಬರೆದೆ. ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಶುರು ಮಾಡಿದೆ.

"ಆರು ಮಂದಿ ದುಂಡಗ ಕುಂತಾರ ಅಂತ ತಿಳ್ಕೋರಿ."